ಬಳ್ಳಾರಿ ಬಿಸಿಲಲ್ಲಿ ಜಾಂಬಿ: ನಮ್ಮ ಸೀಮೆಯ ಕಾದಂಬರಿ ಬರೆಯೋದು ಹೇಗೆ?

ಕಥೆ ಬರೆಯುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ. ಜಾಂಬಿ (ಸತ್ತ ಮೇಲೂ ಎದ್ದು ಓಡಾಡುವ ಹೆಣ) ಕಾದಂಬರಿ ಬರೀಬೇಕು, ಅದರಲ್ಲೊಂದು ಲವ್ ಸ್ಟೋರಿನೂ ಇರಬೇಕು. ಆದ್ರೆ ಕಥೆ ನಮ್ಮೂರಲ್ಲಿ ನಡೆದಂಗೆ ಬರೆದ್ರೆ ಓದುವವರಿಗೆ ನಗು ಬರುತ್ತೆ. ಏನು ಮಾಡೋದು?

ನಗು ಬರೋದು ಜಾಂಬಿ ನಮ್ಮೂರಿಗೆ ಬಂದದ್ದಕ್ಕಲ್ಲ. ಜಾಂಬಿಯ ಜೊತೆ ಅಮೆರಿಕದ ಸೂಪರ್ ಮಾರ್ಕೆಟ್ಟು, ಮನೆಮನೆಗೂ ಬಂದೂಕು, ಆರು ಲೇನ್ ಹೈವೇ ಎಲ್ಲವನ್ನೂ ತಂದು ಗಂಗಾವತಿಯಲ್ಲಿ ಇಳಿಸಿದ್ದಕ್ಕೆ. ಅದನ್ನೆಲ್ಲ ಅಲ್ಲೇ ಬಿಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಇಂಥ ಕಥೆಗೆ ಬೇಕಾದ ಸಾಮಾನು ಬೇಕಾದಷ್ಟಿದೆ.

ಮೊದಲು, ಇಂಥ ಕಥೆಗಳ ಮಾತು ಬಂದಾಗ ಕಿವಿಗೆ ಬೀಳುವ ಎರಡು ಪದ. "ಯಂಗ್ ಅಡಲ್ಟ್" ಅಂದರೆ ಸುಮಾರು ಹನ್ನೆರಡರಿಂದ ಹದಿನೆಂಟು ವಯಸ್ಸಿನ ಓದುಗರನ್ನು ಮನಸ್ಸಲ್ಲಿಟ್ಟು ಬರೆದ ಕಥೆ. ದೊಡ್ಡವರೂ ಕದ್ದು ಓದ್ತಾರೆ, ಅದು ಬೇರೆ ಮಾತು. "ಅಪೋಕ್ಯಾಲಿಪ್ಸ್" ಅಂದರೆ ಕರೆಂಟು, ಬಸ್ಸು, ಪೊಲೀಸು, ಸಂತೆ ಎಲ್ಲ ಒಟ್ಟಿಗೆ ನಿಂತುಹೋಗುವ ಸ್ಥಿತಿ. ನಮ್ಮ ಅಜ್ಜಿಯರು ಪ್ರಳಯ ಅಂತಿದ್ರಲ್ಲ, ಅದೇ.

ಬೇಕಾದ ಸಾಮಾನು: ಒಂದು ನೋಟ್‌ಬುಕ್, ನಿಮ್ಮ ತಾಲ್ಲೂಕಿನ ನಕ್ಷೆ, ದಿನಕ್ಕೊಂದು ಗಂಟೆ. ಮನೆಯಲ್ಲಿ ಎಪ್ಪತ್ತು ದಾಟಿದವರು ಇದ್ದರೆ ಇನ್ನೂ ಒಳ್ಳೇದು. ಯಾಕೆ ಅಂತ ಐದನೇ ಹಂತದಲ್ಲಿ ಗೊತ್ತಾಗುತ್ತೆ.

1. ಜಾಂಬಿಯ ಕಾಯ್ದೆ ಬರೆಯಿರಿ

ಜಾಂಬಿ ಹಾಲಿವುಡ್‌ನ ಕೂಸಲ್ಲ. ಅದರ ಮೂಲ ಕೆರಿಬಿಯನ್ ಸಮುದ್ರದ ಹೈಟಿ. ಆಫ್ರಿಕಾದಿಂದ ಹಿಡಿದು ತಂದವರನ್ನು ಫ್ರೆಂಚರು ಅಲ್ಲಿನ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಸಿದರು. ಸತ್ತ ಮೇಲಾದರೂ ಬಿಡುಗಡೆ ಸಿಗುತ್ತೆ ಅಂದುಕೊಂಡ ಜನರನ್ನು, ಸತ್ತರೂ ಎಬ್ಬಿಸಿ ದುಡಿಸ್ತಾರೆ ಅನ್ನೋ ಭಯ ಕಾಡ್ತಿತ್ತು. 1915ರಿಂದ 1934ರವರೆಗೆ ಅಮೆರಿಕದ ಸೇನೆ ಹೈಟಿಯಲ್ಲಿ ಬೀಡುಬಿಟ್ಟಿತ್ತು. ಆ ಹೊತ್ತಿನಲ್ಲೇ ಈ ಕಥೆಗಳು ಅಮೆರಿಕದಲ್ಲಿ ಹಬ್ಬಿದವು. ಹಿಂಡು ಕಟ್ಟಿಕೊಂಡು ಬಂದು ಮನುಷ್ಯರನ್ನು ತಿನ್ನುವ ಜಾಂಬಿ ತೆರೆಯ ಮೇಲೆ ನೆಲೆ ನಿಂತದ್ದು 1968ರ ನಂತರ. ಅಂದರೆ ಪ್ರತಿ ಕಾಲವೂ ತನಗೆ ಬೇಕಾದ ಜಾಂಬಿಯನ್ನು ಮಾಡಿಕೊಂಡಿದೆ. ನೀವೂ ಮಾಡಿಕೊಳ್ಳಬಹುದು. ಆದರೆ ಒಂದ್ಸಲ ಮಾಡಿದ ಕಾಯ್ದೆ ಕೊನೇ ಪುಟದವರೆಗೂ ನಡೀಬೇಕು.

ಐದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಹೇಗೆ ಹರಡುತ್ತೆ? ಕಚ್ಚಿದ ಮೇಲೆ ಎಷ್ಟು ಹೊತ್ತಿಗೆ ಬದಲಾಗ್ತಾರೆ? ಜಾಂಬಿ ನಮ್ಮನ್ನು ಗುರುತು ಹಿಡಿಯೋದು ಕಣ್ಣಿಂದಲೋ, ಕಿವಿಯಿಂದಲೋ, ವಾಸನೆಯಿಂದಲೋ? ಅದು ಉಸಿರಾಡುತ್ತಾ? ಹೇಗೆ ನಿಲ್ಲುತ್ತೆ?

ಎರಡನೇ ಪ್ರಶ್ನೆಯ ಮೇಲೆ ಜಾಸ್ತಿ ಹೊತ್ತು ಕೂಡಿ. ನಿಮ್ಮ ಪ್ರೇಮಕಥೆ ಇರೋದೇ ಅಲ್ಲಿ. ಹತ್ತು ಸೆಕೆಂಡಲ್ಲಿ ಬದಲಾಗುವ ಜಾಂಬಿ ಓಟಕ್ಕೆ ಚೆಂದ, ಪ್ರೇಮಕ್ಕಲ್ಲ. ನಾಲ್ಕು ದಿನ ಅಂತ ಇಟ್ಟು ನೋಡಿ. ಕಚ್ಚಿಸಿಕೊಂಡವಳು ನಾಲ್ಕು ದಿನ ಅವಳೇ ಆಗಿರ್ತಾಳೆ. ರೊಟ್ಟಿ ತಿಂತಾಳೆ, ಜಗಳ ಆಡ್ತಾಳೆ, ತೋಳು ಮುಚ್ಚಿಕೊಂಡು ಸುಳ್ಳು ಹೇಳ್ತಾಳೆ. ಜಾಂಬಿಯ ಕಾಯ್ದೆ ಮತ್ತು ಇಬ್ಬರ ಪ್ರೀತಿ, ಎರಡೂ ಒಂದೇ ಗಂಟಿನಲ್ಲಿ ಬಿಗೀಬೇಕು. ಬೇರೆ ಬೇರೆ ಇದ್ದರೆ ಅರ್ಧ ಹಾರರ್, ಅರ್ಧ ಸೀರಿಯಲ್ ಆಗುತ್ತೆ.

ನಿಜ ಜಗತ್ತಿನ ಮಾದರಿ ಬೇಕಿದ್ದರೆ ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಇದೆ. ಜೊಲ್ಲಿನಿಂದ ಹರಡುತ್ತೆ. ಕಚ್ಚಿದ ದಿನಕ್ಕೂ ಲಕ್ಷಣ ಕಾಣಿಸೋ ದಿನಕ್ಕೂ ನಡುವೆ ಸಾಮಾನ್ಯವಾಗಿ ವಾರಗಳು, ತಿಂಗಳುಗಳೇ ಇರ್ತವೆ. ಲಕ್ಷಣ ಕಂಡ ಮೇಲೆ ಉಳಿಯೋದು ತೀರಾ ಅಪರೂಪ. ಈ ನಡುವಿನ ಅವಧಿಗೆ "ಇನ್ಕ್ಯುಬೇಷನ್" ಅಂತಾರೆ. ಕಥೆಗಾರನಿಗೆ ಅದು ಬಂಗಾರದ ಗಣಿ.

ಎಚ್ಚರ: ಎಲ್ಲರೂ ನಾಲ್ಕು ದಿನಕ್ಕೆ ಬದಲಾಗಿ, ನಾಯಕ ಮಾತ್ರ ಪ್ರೀತಿಯ ಬಲದಿಂದ ಉಳಿದ ಅಂತ ಬರೀಬೇಡಿ. ಓದುಗ ಅಲ್ಲಿಗೇ ಪುಸ್ತಕ ಮುಚ್ಚಿಡ್ತಾನೆ.

ಈ ಲೇಖನದಲ್ಲಿ ಉದಾಹರಣೆಗೆ ನಾನು ಬಳಸುವ ಜಾಂಬಿ ಹೀಗಿದೆ: ಉಸಿರಾಡಲ್ಲ, ಕಣ್ಣು ಮಂದ, ಕಿವಿ ಚುರುಕು, ಕಚ್ಚಿದವರು ನಾಲ್ಕನೇ ದಿನ ಬದಲಾಗ್ತಾರೆ.

2. ತಿಂಗಳು ಆರಿಸಿ

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ತಮಾಷೆ ಮಾಡ್ತೀವಿ. ಕಥೆ ಬರೆಯುವಾಗ ತಮಾಷೆ ಬಿಟ್ಟು ಲೆಕ್ಕ ಹಾಕಿ. ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತೆ. ಹಗಲಲ್ಲಿ ಮೈಲಿಗಟ್ಟಲೆ ಓಡುವ ನಾಯಕ ಜಾಂಬಿಯಿಂದ ಸಾಯಲ್ಲ, ಬಿಸಿಲು ಬಡಿದು ಸಾಯ್ತಾನೆ. ಹಾಗಾಗಿ ಅವರು ರಾತ್ರಿ ನಡೀಬೇಕು. ರಾತ್ರಿ ನಡೆದರೆ ಶಬ್ದ ದೂರ ಕೇಳುತ್ತೆ. ನೋಡಿ, ಬರೀ ತಿಂಗಳು ಆರಿಸಿದ್ದಕ್ಕೇ ಒಂದು ಸಂಕಟ ಹುಟ್ಟಿತು.

ನೀರಿನ ಲೆಕ್ಕ ಇನ್ನೂ ಮುಖ್ಯ. ತುಂಗಭದ್ರಾ ಕಾಲುವೆಗಳಿಗೆ ಜಲಾಶಯ ತುಂಬುವ ಮಳೆಗಾಲದಲ್ಲಿ ನೀರು ಬಿಡ್ತಾರೆ. ಸಾಮಾನ್ಯವಾಗಿ ಬೇಸಿಗೆಯ ಹೊತ್ತಿಗೆ ನಿಲ್ಲಿಸ್ತಾರೆ. ಮೇನಲ್ಲಿ ಒಣಗಿದ ಕಾಲುವೆ ಎರಡೂ ಕಡೆ ಇಳಿಜಾರು ದಂಡೆ ಇರುವ ಉದ್ದನೆಯ ದಾರಿ. ನಿಮ್ಮವರು ಕಣ್ಣಿಗೆ ಬೀಳದೆ ನಡೆಯೋಕೆ ಚೆನ್ನ. ಜಾಂಬಿಗಳು ಒಳಗೆ ಬಿದ್ದು ಮೇಲೆ ಹತ್ತಲಾರದೆ ಹಿಂಡುಗಟ್ಟೋಕೂ ಚೆನ್ನ. ಇಲ್ಲಿ ಎಲ್ಲರಿಗೂ ಹೊಳೆಯುವ ಕ್ಲೈಮ್ಯಾಕ್ಸ್ ಒಂದಿದೆ: ಜಾಂಬಿಗಳನ್ನೆಲ್ಲ ಕಾಲುವೆಗೆ ಇಳಿಸಿ ಡ್ಯಾಂ ನೀರು ಬಿಡೋದು. ಭಾರಿ ಐಡಿಯಾ! ಆದ್ರೆ ಮೇನಲ್ಲಿ ಡ್ಯಾಂನಲ್ಲಿ ನೀರು ಎಲ್ಲಿದೆ? ಸಿರುಗುಪ್ಪದ ರೈತನ ಮಗಳು ಓದಿದರೆ ಅಲ್ಲೇ ಸಿಕ್ಕಿಬೀಳ್ತೀರಿ. ಆ ದೃಶ್ಯ ಬೇಕೇ ಬೇಕು ಅಂದ್ರೆ ಕಥೆಯನ್ನು ಮೇನಲ್ಲಿ ಶುರು ಮಾಡಿ ಜುಲೈ, ಆಗಸ್ಟ್‌ವರೆಗೆ ಎಳೀರಿ. ಮಳೆಗಾಗಿ ಕಾಯೋದೇ ಕಥೆಯ ಬೆನ್ನೆಲುಬಾಗುತ್ತೆ.

ಗೇಟು ಒಬ್ಬನೇ ತಿರುಗಿಸಿಬಿಡ್ತಾನೆ ಅಂತಲೂ ಬರೀಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯ್ತು. ಒತ್ತಡ ಇಳಿಸೋಕೆ ಉಳಿದ 32 ಗೇಟುಗಳಿಂದಲೂ ನೀರು ಹೊರಬಿಡಬೇಕಾಯ್ತು. ತಾತ್ಕಾಲಿಕ ತಡೆ ಕೂರಿಸೋಕೆ ಸುಮಾರು ಒಂದು ವಾರ ಹಿಡೀತು. ಎಂಜಿನಿಯರು, ಕ್ರೇನು, ಕರೆಂಟು ಎಲ್ಲ ಇದ್ದಾಗಿನ ಮಾತಿದು. ನೋಡಿಕೊಳ್ಳುವವರೇ ಇಲ್ಲದ ಡ್ಯಾಂ ಮಳೆಗಾಲದಲ್ಲಿ ಏನಾಗುತ್ತೆ? ನಿಮ್ಮ ಕಾದಂಬರಿಯ ಎರಡನೇ ಭಾಗಕ್ಕೆ ಜಾಂಬಿಗಿಂತ ದೊಡ್ಡ ಭಯ ಇಲ್ಲೇ ಸಿಕ್ಕಿತು.

3. ಅಡಗುವ ಜಾಗ ಒಂದನ್ನೇ ಆರಿಸಿ, ಅದರ ತೂತು ಹುಡುಕಿ

ನಕ್ಷೆ ಹರಡಿ ಕೂತರೆ ಎಲ್ಲ ಜಾಗವೂ ಬೇಕು ಅನ್ನಿಸುತ್ತೆ. ಬೇಡ. ಒಂದು ಮುಖ್ಯ ಜಾಗ, ಅಲ್ಲಿಗೆ ಹೋಗುವ ಒಂದು ದಾರಿ ಸಾಕು.

ಬಳ್ಳಾರಿ ಗುಡ್ಡ ನೋಡಿ. ಊರ ನಡುವೆ ಬೋಳು ಬಂಡೆಯ ಗುಡ್ಡ, ಮೇಲೆ ಕೋಟೆ, ಬಂಡೆ ಸೀಳುಗಳಲ್ಲಿ ಮಳೆನೀರು ನಿಲ್ಲುವ ಹೊಂಡಗಳು. ಅಡಗೋಕೆ ಇದಕ್ಕಿಂತ ಬೇಕಾ? ಆದ್ರೆ ಬಳ್ಳಾರಿಯವರಿಗೆಲ್ಲ ಗೊತ್ತಿರುವ ಐತಿಹ್ಯ ಇದೆ. ಹೈದರಾಲಿಗಾಗಿ ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರ್, ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಅನ್ನೋದನ್ನೇ ಗಮನಿಸಿರಲಿಲ್ಲವಂತೆ. ಗೊತ್ತಾದ ಮೇಲೆ ಅವನನ್ನು ಗಲ್ಲಿಗೇರಿಸಿದರಂತೆ. ಕಾದಂಬರಿಕಾರರೂ ಇದೇ ತಪ್ಪು ಮಾಡ್ತಾರೆ. ಕೋಟೆ ಕಟ್ಟಿ, ಎದುರಿನ ಗುಡ್ಡ ಮರೀತಾರೆ. ನಿಮ್ಮ ಜಾಗದ ತೂತು ಯಾವುದು ಅಂತ ಓದುಗನಿಗಿಂತ ಮೊದಲು ನೀವೇ ಹುಡುಕಿ.

ರಾಯಚೂರಿನವರಿಗೆ ಹಟ್ಟಿ ಚಿನ್ನದ ಗಣಿ ಆಸೆ ಹುಟ್ಟಿಸುತ್ತೆ. ಆದ್ರೆ ಕರೆಂಟು ಹೋದ್ರೆ ಆಳದ ಗಣಿಯಲ್ಲಿ ಗಾಳಿ, ಲಿಫ್ಟು, ನೀರೆತ್ತುವ ಪಂಪು ಮೂರೂ ನಿಲ್ಲುತ್ತೆ. ಕೆಳಗೆ ನೀರು ತುಂಬ್ತಾ ಬರುತ್ತೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬರೋದು ರೈಲಲ್ಲಿ. ರೈಲು ನಿಂತರೆ ದಾಸ್ತಾನು ಇದ್ದಷ್ಟು ದಿನ ಮಾತ್ರ ದೀಪ. ಕೃಷ್ಣೆಯ ನಡುಗಡ್ಡೆಗೆ ಹರಗೋಲಲ್ಲಿ ದಾಟಿ ಬದುಕೋಣ ಅಂದ್ರೆ, ನಮ್ಮ ಜಾಂಬಿ ಉಸಿರಾಡಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಾಗ ತಳದ ಮೇಲೇ ನಡೆದು ಬರುತ್ತೆ. ಒಂದನೇ ಹಂತದಲ್ಲಿ ಬರೆದ ಕಾಯ್ದೆ ಇಲ್ಲಿ ಕಚ್ಚುತ್ತೆ ನೋಡಿ.

ನನಗೆ ಇಷ್ಟದ ಜಾಗ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್. ಗಂಗಾವತಿ ಹತ್ತಿರದ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಮನೆಗಳು, ನೂರಾರು. ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ಎದುರಲ್ಲಿ ದುಂಡನೆಯ ಕಿಂಡಿ. ಜನ ಮೋರ್ಯರ ಮನೆ ಅಂತಾರೆ. ಸತ್ತವರ ನೆನಪಿಗೆ ಕಟ್ಟಿದ ಮನೆಯೊಳಗೆ ಬದುಕಿರುವ ಇಬ್ಬರು ಮುದುಡಿ ಕೂತಿದ್ದಾರೆ, ಹೊರಗೆ ಸತ್ತವರು ಓಡಾಡ್ತಿದ್ದಾರೆ. ಇದಕ್ಕಿಂತ ಹೆಚ್ಚಿನ ವಿವರಣೆಯೇ ಬೇಡ. ಅಲ್ಲೇ ನಗಾರಿಯಂಥ ದೊಡ್ಡ ಗುಂಡೊಂದಿದೆ. ಹೊಡೆದರೆ ಶಬ್ದ ದೂರ ಹೋಗುತ್ತೆ. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲೂ ಬಡಿದರೆ ಗಂಟೆಯಂತೆ ನಾದ ಹೊರಡುವ ಬಂಡೆಗಳಿವೆ, ಹೊಸ ಶಿಲಾಯುಗದವರು ಬಡಿದ ಗುರುತುಗಳಿವೆ. ಶಬ್ದಕ್ಕೆ ಬರುವ ಜಾಂಬಿಯನ್ನು ಬೇರೆ ಕಡೆ ಎಳೆಯೋಕೆ ಮೈಕ್ ಸೆಟ್ ಯಾಕೆ ಬೇಕು? ಒಂದು ಮಾತು: ಜಾಗ ನೋಡೋಕೆ ಹೋದಾಗ ನೀವು ಬಡಿದು ಪರೀಕ್ಷೆ ಮಾಡಬೇಡಿ. ಅವು ಸಾವಿರಾರು ವರ್ಷ ಉಳಿದು ಬಂದಿವೆ.

4. ಇಬ್ಬರನ್ನು ಮಾಡಿ

ಹದಿನೆಂಟು, ಹತ್ತೊಂಬತ್ತು ವಯಸ್ಸು ಇಟ್ಟುಕೊಳ್ಳಿ. ಇಬ್ಬರಿಗೂ ಕೈಕೆಲಸ ಒಂದೊಂದು ಗೊತ್ತಿರಲಿ. ಪ್ರಳಯದಲ್ಲಿ ಮಾರ್ಕ್ಸ್ ಕಾರ್ಡ್ ಕೆಲಸಕ್ಕೆ ಬರಲ್ಲ.

ನನ್ನ ಉದಾಹರಣೆಯ ಹುಡುಗಿ ಹುಲಿಗೆಮ್ಮ. ಬಳ್ಳಾರಿ ಕೌಲ್ ಬಜಾರಿನ ಬಾಡಿಗೆ ಮನೆಯಲ್ಲಿ ಜೀನ್ಸ್ ಹೊಲೀತಾಳೆ. ದಪ್ಪ ಜೀನ್ಸ್ ಬಟ್ಟೆಯನ್ನು ಎರಡು ಪದರ ಹೊಲಿದರೆ ಮನುಷ್ಯನ ಹಲ್ಲು ಸುಲಭಕ್ಕೆ ಇಳಿಯಲ್ಲ ಅಂತ ಮೊದಲು ಹೊಳೆಯೋದು ಅವಳಿಗೇ. ಕರೆಂಟ್ ಇಲ್ಲ, ಮೋಟರ್ ಮಷಿನ್ ನಡೆಯಲ್ಲ. ಮೂಲೆಯಲ್ಲಿದ್ದ, ಕಾಲಲ್ಲಿ ತುಳಿಯುವ ಹಳೇ ಮಷಿನ್ ಎಳೆದು ತೋಳಿಗೆ, ಕಾಲಿಗೆ, ಕುತ್ತಿಗೆಗೆ ಪಟ್ಟಿ ಹೊಲೀತಾಳೆ. ಆ ಪಟ್ಟಿ ಹಾಕಿಕೊಂಡು ಮೇ ತಿಂಗಳ ಸೆಕೆಯಲ್ಲಿ ನಡೆಯೋದು ಹೇಗೆ? ಅದು ಅವಳ ದಿನನಿತ್ಯದ ಲೆಕ್ಕ: ಕಚ್ಚಿಸಿಕೊಳ್ಳೋದೋ, ಬೆವರಿ ಬೀಳೋದೋ.

ಹುಡುಗ ರಾಯಚೂರು ಕಡೆಯ ಹುಸೇನಪ್ಪ, ಐಟಿಐ ಫಿಟ್ಟರ್. ಈ ಹೆಸರು ಯಾವ ಧರ್ಮದ್ದು ಅಂತ ಹೊರಗಿನವರು ಕೇಳ್ತಾರೆ. ನಮ್ಮವರು ಕೇಳಲ್ಲ. ಬಳ್ಳಾರಿಯಲ್ಲಿ ಎರ್ರಿಸ್ವಾಮಿ, ಗಾದಿಲಿಂಗ ಇದ್ದಂಗೆ ಇದೂ ನಮ್ಮ ನೆಲದ ಹೆಸರು. ನಾಯಕನಿಗೆ ಆರ್ಯನ್ ಅಂತ ಇಡುವ ಮೊದಲು ನಿಮ್ಮ ತರಗತಿಯ ಹಾಜರಿ ನೆನಪಿಸಿಕೊಳ್ಳಿ.

ಎಚ್ಚರ: ಕರೆಯುವ ಮಾತು. ನಮ್ಮ ಕಡೆ ಹುಡುಗಿ ಅಪರಿಚಿತ ಹುಡುಗನನ್ನು ಮಾತಾಡಿಸೋದೇ "ಅಣ್ಣ" ಅಂತ. ಒಂದನೇ ಅಧ್ಯಾಯದಲ್ಲಿ ಹುಲಿಗೆಮ್ಮ "ಏ ಅಣ್ಣ, ನೀರದಾವೇನು?" ಅಂದಳು ಅಂದ್ರೆ ಸರಿ. ಹನ್ನೆರಡನೇ ಅಧ್ಯಾಯದಲ್ಲಿ ಪ್ರೀತಿ ಹುಟ್ಟಬೇಕು ಅಂದ್ರೆ ಆ "ಅಣ್ಣ" ಎಲ್ಲೋ ಬಿದ್ದುಹೋಗಬೇಕು. ಎಲ್ಲಿ? ಅದು ನಿಮಗೆ ಪುಟ ಸಮೇತ ಗೊತ್ತಿರಬೇಕು. ಅವಳು ಏನೂ ಕರೆಯದೆ "ಇಲ್ಲಿ ಕೇಳಿಲ್ಲಿ" ಅಂತ ಶುರು ಮಾಡುವ ಮೊದಲ ದಿನ, ಓದುವ ಹುಡುಗಿಯರಿಗೆಲ್ಲ ಅರ್ಥ ಆಗುತ್ತೆ. "ಐ ಲವ್ ಯೂ" ಬೇಡವೇ ಬೇಡ.

5. ಹೊಟ್ಟೆ, ನೀರು, ಗಾಯ

ಬಹಳ ಹಸ್ತಪ್ರತಿಗಳು ಸೋಲೋದು ಇಲ್ಲೇ. ಮುನ್ನೂರು ಪುಟ ಓಡ್ತಾರೆ, ಯಾರಿಗೂ ಹಸಿವಾಗಲ್ಲ. ಅದಕ್ಕೇ ಮನೆಯ ಹಿರಿಯರನ್ನು ಕೇಳಿ ಅಂದದ್ದು. ಫ್ರಿಜ್ ಇಲ್ಲದ ಕಾಲದಲ್ಲಿ ಬದುಕಿದವರು ಅವರು.

ಖಡಕ್ ರೊಟ್ಟಿ ಒಣಗಿಸಿಟ್ಟರೆ ವಾರಗಟ್ಟಲೆ ಕೆಡಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗೆ ಬೆಂಕಿ ಬೇಡ. ಆದ್ರೆ ಖಡಕ್ ರೊಟ್ಟಿ ಮುರಿದರೆ ಶಬ್ದ ಬರುತ್ತೆ! ಕಿವಿ ಚುರುಕಿನ ಜಾಂಬಿ ಬಾಗಿಲಾಚೆ ನಿಂತಿರುವಾಗ ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿನ್ನಬೇಕು, ನೀರು ಅರ್ಧ ತಂಬಿಗೆ ಇದೆ. ಇಂಥ ಒಂದು ದೃಶ್ಯ ಹತ್ತು ಹೊಡೆದಾಟಕ್ಕೆ ಸಮ.

ನೀರಿಗೆ ಮೋಟರ್ ಬೋರ್ ನಂಬಬೇಡಿ, ಕರೆಂಟಿಲ್ಲ. ಕೈಯಿಂದ ಹೊಡೆಯುವ ಬೋರಿಂಗ್ ಇದೆ, ಆದ್ರೆ ಕಿರ್ರ್ ಅನ್ನುತ್ತೆ. ಗಾಯಕ್ಕೆ: ಕಚ್ಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೀಬೇಕು ಅನ್ನೋದು ನಾಯಿ ಕಡಿತಕ್ಕೆ ಹೇಳುವ ನಿಜವಾದ ಮೊದಲ ಉಪಚಾರ. ಆಮೇಲೆ ತಡಮಾಡದೆ ಲಸಿಕೆ. ಕಥೆಯಲ್ಲೂ ತಪ್ಪು ಹೇಳಬೇಡಿ, ಓದುವವರು ಮಕ್ಕಳು. ಮತ್ತೆ ಯೋಚನೆ ಮಾಡಿ: ಕುಡಿಯೋಕೇ ಇಲ್ಲದ ನೀರಲ್ಲಿ 15 ನಿಮಿಷ ತೊಳೆಯೋದಾ? ಯಾರ ಪಾಲಿನ ನೀರು ಅದು?

ಈಗ ಹಗೇವು. ಗೊತ್ತಿಲ್ಲದವರಿಗೆ: ಜೋಳ ಕೂಡಿಡೋಕೆ ನೆಲದಲ್ಲಿ ತೋಡುವ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಇಟ್ಟು ಮಣ್ಣು ಮುಚ್ಚಿದರೆ ಕಾಳು ವರ್ಷಗಟ್ಟಲೆ ಉಳೀತಿತ್ತು. ಆದ್ರೆ ಒಳಗೆ ಕೆಟ್ಟ ಗಾಳಿ ತುಂಬಿರುತ್ತೆ. ತೆಗೆದ ಕೂಡಲೇ ಇಳಿದವರು ಸತ್ತದ್ದುಂಟು. ಹಿರಿಯರು ಬಾಯಿ ತೆರೆದಿಟ್ಟು ಗಾಳಿ ಆಡೋಕೆ ಬಿಟ್ಟು, ದೀಪ ಇಳಿಸಿ ನೋಡ್ತಿದ್ದರು. ದೀಪ ಆರಿದರೆ ಇಳಿಯೋ ಹಾಗಿಲ್ಲ.

ನಮ್ಮ ಕಾಯ್ದೆ ನೆನಪಿದೆಯಲ್ಲ? ಜಾಂಬಿ ಉಸಿರಾಡಲ್ಲ. ಹಗೇವಿನಲ್ಲಿ ಜಾಂಬಿ ಇರಬಹುದು, ಮನುಷ್ಯ ಇರೋಕಾಗಲ್ಲ. ಅನ್ನ ಅಲ್ಲೇ ಇದೆ. ಒಬ್ಬರು ಇಳೀಬೇಕು, ಇನ್ನೊಬ್ಬರು ಮೇಲೆ ಹಗ್ಗ ಹಿಡೀಬೇಕು. ಹೀಗೆ ಬರೆಯಬಹುದು:

ಹುಲಿಗೆಮ್ಮ ಕಂದೀಲನ್ನು ಮೊಳ ಮೊಳ ಇಳಿಬಿಟ್ಟಳು. ಮೂರನೇ ಮೊಳಕ್ಕೆ ಜ್ವಾಲೆ ಕುಗ್ಗಿತು. ನಾಲ್ಕನೇ ಮೊಳಕ್ಕೆ ಇರಲಿಲ್ಲ.
"ಆರಿತು."
"ಹಂಗಾರ ಇವತ್ತು ಬ್ಯಾಡ."
"ಹಸಿವಾಗೇತಿ."
"ನನಗೂ ಆಗೇತಿ. ಕೂಡು."
ಅವಳು ಕೂತಳು. ಸೊಂಟಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಲಿಲ್ಲ. ಇನ್ನೊಂದು ತುದಿ ಅವನ ಮುಂಗೈಗೆ ಸುತ್ತಿಯೇ ಇತ್ತು. ಬೆಳಗಾಗುವವರೆಗೂ ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಪ್ರೇಮದ ದೃಶ್ಯ ಮುಗೀತು. ಮುಟ್ಟಿದ್ದು ಹಗ್ಗ ಮಾತ್ರ.

6. ಪ್ರೀತಿಯನ್ನು ಕೆಲಸದ ಮೇಲೆ ಕಟ್ಟಿ

"ಸ್ಲೋ ಬರ್ನ್" ಅನ್ನೋ ಪದ ಕೇಳಿರ್ತೀರಿ. ಉರಿ ಸಣ್ಣಗಿಟ್ಟು ಬೇಯಿಸುವ ಪ್ರೀತಿ ಅಂತಿಟ್ಟುಕೊಳ್ಳಿ. ಇಂಥ ಕಥೆಗೆ ಅದೇ ಸರಿ. ಹಿಂದೆ ಹಿಂಡು ಬರ್ತಿರುವಾಗ ಇಬ್ಬರು ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಓದುಗನಿಗೆ ಸಿಟ್ಟು ಬರುತ್ತೆ. ಕಾವಲು ಪಾಳಿ ಹಂಚಿಕೊಳ್ಳೋದು, ಅವಳ ಪಾಳಿಯಲ್ಲಿ ಇವನು ಎಬ್ಬಿಸದೆ ಬಿಟ್ಟದ್ದು, ಅದಕ್ಕೆ ಅವಳು ಬೈದದ್ದು, ಅವನ ಅಳತೆ ಕೇಳದೆಯೇ ತೋಳಿನ ಪಟ್ಟಿ ಸರಿಯಾಗಿ ಹೊಲಿದದ್ದು. ಇಂಥ ನಾಲ್ಕೈದು ಸಾಕು.

ಆಮೇಲೆ ಕಚ್ಚಿಸಿ. ಇಬ್ಬರಲ್ಲಿ ಒಬ್ಬರನ್ನು. ಕಥೆಯ ಮೂರರಲ್ಲಿ ಎರಡು ಭಾಗ ಕಳೆದ ಮೇಲೆ. ನಾಲ್ಕು ದಿನಕ್ಕೆ ನಾಲ್ಕು ಅಧ್ಯಾಯ ಕೊಡಿ, ಅವಸರ ಬೇಡ.

7. ಉದ್ದ, ಅಧ್ಯಾಯ

ಮೊದಲ ಕಾದಂಬರಿಗೆ ನಲವತ್ತು ಸಾವಿರ ಪದ ಸಾಕು. ಅಧ್ಯಾಯಕ್ಕೆ ಎರಡು ಸಾವಿರ ಪದದಂತೆ ಇಪ್ಪತ್ತು ಅಧ್ಯಾಯ. ಬಳ್ಳಾರಿಯಿಂದ ಹೊಸಪೇಟೆಗೆ ಸುಮಾರು 60 ಕಿಲೋಮೀಟರ್. ಕತ್ತಲಲ್ಲಿ ಬಚ್ಚಿಟ್ಟುಕೊಳ್ಳುತ್ತಾ ನಡೆದರೆ ಗಂಟೆಗೆ ಮೂರು ಕಿಲೋಮೀಟರ್ ದೊಡ್ಡದು. ಅಂದರೆ ಮೂರು, ನಾಲ್ಕು ರಾತ್ರಿ. ಒಂದು ರಾತ್ರಿಯಲ್ಲಿ ಮುಟ್ಟಿಸಬೇಡಿ.

8. ಭಾಷೆ, ಮತ್ತೆ ಯಾರನ್ನು ನೋಯಿಸಬಾರದು

ನಿರೂಪಣೆ ಎಲ್ಲರಿಗೂ ತಿಳಿಯುವ ಬರಹದ ಕನ್ನಡದಲ್ಲಿರಲಿ, ಮಾತು ಊರಿನದಿರಲಿ. ಬಳ್ಳಾರಿ ಮಾತಲ್ಲಿ ತೆಲುಗು ನುಸುಳುತ್ತೆ, ರಾಯಚೂರಿನದರಲ್ಲಿ ಉರ್ದು. ಎರಡನ್ನೂ ಕಲಸಿ "ಉತ್ತರ ಕರ್ನಾಟಕ ಭಾಷೆ" ಅಂತ ಒಂದು ಅಂಬಲಿ ಮಾಡಬೇಡಿ. ಯಾವ ಪಾತ್ರ ಯಾವ ಊರಿನದು ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ರೋಗ ಎಲ್ಲಿ ಶುರುವಾಯ್ತು ಅನ್ನೋದನ್ನು ಬರೆಯುವಾಗ ಕೈ ಬಿಗಿ ಹಿಡೀರಿ. ಮೊದಲ ರೋಗಿಯನ್ನು "ಪೇಷಂಟ್ ಝೀರೋ" ಅಂತಾರೆ. ಅವನನ್ನು ಒಂದು ಜಾತಿಗೋ, ಧರ್ಮಕ್ಕೋ, ಗುಳೇ ಹೋಗಿ ಬಂದ ಕೂಲಿಯವರಿಗೋ ಅಂಟಿಸಬೇಡಿ. ಕೊರೊನಾ ಕಾಲದಲ್ಲಿ ಗುಳೆಯಿಂದ ಮರಳಿದವರನ್ನು ಜನ ಹೇಗೆ ನೋಡಿದರು ಅಂತ ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಪಾತ್ರಗಳು ಹಾಗೆ ಅನುಮಾನ ಪಡಲಿ, ಕಥೆ ಪಡಬಾರದು. ನಿಜವಾದ ಆಸ್ಪತ್ರೆ, ಕಾರ್ಖಾನೆಯ ಹೆಸರು ಹಾಕಿ ಅಲ್ಲಿಂದಲೇ ಸೋರಿತು ಅಂತಲೂ ಬೇಡ. ಹುಟ್ಟು ಗೊತ್ತಾಗದಿದ್ದರೆ ಭಯ ಇನ್ನೂ ಜಾಸ್ತಿ.

9. ತಿದ್ದುವಾಗ

ಮುಗಿದ ಮೇಲೆ ಎರಡು ವಾರ ಮುಟ್ಟಬೇಡಿ. ಆಮೇಲೆ ಬಣ್ಣದ ಪೆನ್ ಹಿಡಿದು ಮೂರು ಸಲ ಓದಿ. ಮೊದಲ ಸಲ ಕಾಯ್ದೆ ಮಾತ್ರ ನೋಡಿ, ಕಣ್ಣು ಮಂದ ಅಂದ ಜಾಂಬಿ ಎಲ್ಲಾದರೂ ನೋಡಿ ಗುರುತು ಹಿಡಿದುಬಿಟ್ಟಿತಾ ಅಂತ. ಎರಡನೇ ಸಲ ನೀರು ಮಾತ್ರ. ಯಾರ ಹತ್ತಿರ ಎಷ್ಟಿತ್ತು, ಎಲ್ಲಿ ತುಂಬಿಕೊಂಡರು. ಮೂರನೇ ಸಲ "ಅಣ್ಣ" ಪದ ಹುಡುಕಿ, ಎಲ್ಲಿ ನಿಂತಿತು ಅಂತ ಗುರುತು ಹಾಕಿ.

ಕೊನೆಗೆ ಪಕ್ಕದ ತಾಲ್ಲೂಕಿನ ಯಾರಿಗಾದರೂ ಓದೋಕೆ ಕೊಡಿ. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಾರೆ. ಎಲ್ಲಿ ಓದು ನಿಲ್ಲಿಸಿ ಟೀ ಕುಡಿಯೋಕೆ ಎದ್ರಿ ಅಂತ ಕೇಳಿ. ಆ ಪುಟ ತೆಗೆದು, ಅಲ್ಲಿ ಯಾರಿಗಾದರೂ ಹಸಿವಾಗಿದೆಯಾ ನೋಡಿ.